ಕರಗುವ ನೆಲದಲ್ಲಿ ವಿದ್ಯಾರ್ಥಿ ವಿಜ್ಞಾನಿಗಳು



ಈ ಲೇಖನ ಬರೆಯಲು ಕಾರಣ ನಾನು ಮಾಡಿದ ಒಂದು ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಟೈಟ್ರೇಷನ್ ನಡೆಯುತ್ತಿತ್ತು. ಮೂರು ಸಲ ಮಾಡಿ ಮೂರು ರೀಡಿಂಗ್ ಬರೆಯಬೇಕೆಂದು ನಮಗೆಲ್ಲ ಗೊತ್ತು. ನಾನು ಒಂದು ಸಲ ಮಾಡಿದೆ, 9.8 ಬಂತು. ಬಸ್ಸಿಗೆ ಹೊತ್ತಾಗುತ್ತಿತ್ತು. ಉಳಿದ ಎರಡು ಸಾಲಿಗೂ 9.8 ಎಂದೇ ತುಂಬಿಸಿ ರೆಕಾರ್ಡ್ ಒಪ್ಪಿಸಿದೆ. ಸರ್ ಪುಟ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. “ನೀನು ಪಿಪೆಟ್ ಹಿಡಿದದ್ದು ಒಂದೇ ಸಲ. ಉಳಿದ ಎರಡು ರೀಡಿಂಗ್ ಎಲ್ಲಿಂದ ಬಂತು?” ಎಂದು ಕೇಳಿದರು.

“ಹೇಗೂ ಉತ್ತರ ಗೊತ್ತಿದೆಯಲ್ಲ ಸರ್” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಸರ್ ಬೈಯಲಿಲ್ಲ. “ಉತ್ತರ ಯಾರಿಗೂ ಗೊತ್ತಿಲ್ಲದ ಕಡೆ ನಿನ್ನನ್ನು ಬಿಟ್ಟರೆ ಏನು ಮಾಡ್ತಿ?” ಎಂದು ಕೇಳಿ, ಒಂದು ಚೀಟಿಯಲ್ಲಿ ‘ಪೊಲಾರಿಸ್ ಪ್ರಾಜೆಕ್ಟ್’ ಎಂದು ಬರೆದುಕೊಟ್ಟರು. ಅದರ ಬಗ್ಗೆ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ನಮ್ಮ ಪತ್ರಿಕೆಗೆ ಬರೆಯಬೇಕು. ಅದೇ ನನಗೆ ಶಿಕ್ಷೆ. ಓದುತ್ತಾ ಹೋದಂತೆ ಅದು ಶಿಕ್ಷೆ ಎಂಬುದೇ ಮರೆತುಹೋಯಿತು.

ಎಲ್ಲಿಗೆ ಹೋದರು?

ಪೊಲಾರಿಸ್ ಪ್ರಾಜೆಕ್ಟ್ ಆರಂಭವಾದದ್ದು 2008ರ ಬೇಸಿಗೆಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ವುಡ್ಸ್ ಹೋಲ್ ರಿಸರ್ಚ್ ಸೆಂಟರ್ (ಈಗ ಅದರ ಹೆಸರು ವುಡ್‌ವೆಲ್ ಕ್ಲೈಮೇಟ್ ರಿಸರ್ಚ್ ಸೆಂಟರ್) ಇದನ್ನು ನಡೆಸಿತು. ಮುಂದಾಳು ಮ್ಯಾಕ್ಸ್ ಹೋಮ್ಸ್ ಎಂಬ ವಿಜ್ಞಾನಿ. ಇದರ ವಿಶೇಷವೇನೆಂದರೆ, ಆರ್ಕ್ಟಿಕ್ ಸಂಶೋಧನೆಗೆ ಕರೆದುಕೊಂಡು ಹೋದದ್ದು ದೊಡ್ಡ ದೊಡ್ಡ ಪ್ರೊಫೆಸರ್‌ಗಳನ್ನು ಮಾತ್ರವಲ್ಲ, ಪದವಿ ಓದುತ್ತಿದ್ದ ವಿದ್ಯಾರ್ಥಿಗಳನ್ನು. ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೇ. ಹಿರಿಯರ ಬಾಟಲಿ ಹೊರುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಶ್ನೆ ಆರಿಸಿಕೊಂಡು, ಅದಕ್ಕೆ ತಾವೇ ಪ್ರಯೋಗ ರೂಪಿಸಿ, ತಾವೇ ಅಳೆಯಬೇಕಿತ್ತು.

ಹೋದ ಜಾಗ ರಷ್ಯಾದ ಈಶಾನ್ಯ ಸೈಬೀರಿಯಾದ ಚೆರ್ಸ್ಕಿ ಎಂಬ ಸಣ್ಣ ಪಟ್ಟಣ. ಅದು ಆರ್ಕ್ಟಿಕ್ ವೃತ್ತದ ಉತ್ತರಕ್ಕೆ, ಕೋಲಿಮಾ ನದಿಯ ದಂಡೆಯಲ್ಲಿದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಲು ರಸ್ತೆಯೇ ಇಲ್ಲ. ಮಾಸ್ಕೋದಿಂದ ಯಾಕುಟ್ಸ್ಕ್, ಅಲ್ಲಿಂದ ಇನ್ನೊಂದು ವಿಮಾನ. ಚೆರ್ಸ್ಕಿಯಲ್ಲಿ ಸೆರ್ಗೆಯ್ ಝಿಮೋವ್ ಎಂಬ ರಷ್ಯನ್ ವಿಜ್ಞಾನಿ ಕಟ್ಟಿ ಬೆಳೆಸಿದ ಈಶಾನ್ಯ ವಿಜ್ಞಾನ ಕೇಂದ್ರವಿದೆ. ವಿದ್ಯಾರ್ಥಿಗಳ ವಾಸ ನದಿಯ ಮೇಲಿನ ಒಂದು ಬಾರ್ಜ್‌ನಲ್ಲಿ. ಹೊರಗೆ ಕಾಲಿಟ್ಟರೆ ಸೊಳ್ಳೆಗಳ ಮೋಡ. ಚಳಿಯ ದೇಶದಲ್ಲಿ ಸೊಳ್ಳೆಯೇ ಎಂದು ನನಗೂ ಆಶ್ಚರ್ಯವಾಯಿತು. ಬೇಸಿಗೆಯಲ್ಲಿ ಮೇಲಿನ ನೆಲ ಕರಗುತ್ತದೆ, ಕೆಳಗಿನದು ಗಟ್ಟಿಯಾಗಿರುವುದರಿಂದ ನೀರು ಇಂಗುವುದಿಲ್ಲ, ಎಲ್ಲೆಡೆ ಕೆಸರು ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಅಂಗಳದ ತೆಂಗಿನ ಚಿಪ್ಪಿನಲ್ಲಿ ಆಗುವುದೇ ಅಲ್ಲಿ ದೊಡ್ಡ ಮಟ್ಟದಲ್ಲಿ ಆಗುತ್ತದೆ.

ಮೇ ಕೊನೆಯ ವಾರದಿಂದ ಜುಲೈ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಇದನ್ನು ಹೇಳಿದಾಗ ನನ್ನ ಬೆಂಚಿನ ಗೆಳತಿ ಕೇಳಿದ ಮೊದಲ ಪ್ರಶ್ನೆ: “ಹಾಗಾದರೆ ಮಗ್ರಿಬ್ ಯಾವಾಗ?” ಒಳ್ಳೆಯ ಪ್ರಶ್ನೆ. ಚೆರ್ಸ್ಕಿಯಷ್ಟೇ ಉತ್ತರದಲ್ಲಿ, ಕೆನಡಾದ ಇನುವಿಕ್ ಎಂಬ ಊರಿನಲ್ಲಿ ಒಂದು ಮಸೀದಿ ಇದೆ. ಅದನ್ನು ವಿನಿಪೆಗ್‌ನಲ್ಲಿ ಕಟ್ಟಿ, ಲಾರಿ ಮತ್ತು ಬಾರ್ಜ್‌ನಲ್ಲಿ ಸುಮಾರು 4,000 ಕಿ.ಮೀ. ಸಾಗಿಸಿ, 2010ರಲ್ಲಿ ಅಲ್ಲಿ ನಿಲ್ಲಿಸಿದರು. ಹಗಲು ರಾತ್ರಿ ಬೇರೆಯಾಗದ ದಿನಗಳಲ್ಲಿ ಅಲ್ಲಿನ ಮುಸ್ಲಿಮರು ದಕ್ಷಿಣದ ಎಡ್ಮಂಟನ್ ನಗರದ ಸಮಯ ನೋಡಿಕೊಂಡು ನಡೆಯುತ್ತಾರೆ. ಮನುಷ್ಯ ಎಲ್ಲಿ ಹೋದರೂ ಒಂದು ಅಳತೆಗೋಲು ಬೇಕೇ ಬೇಕು ಎಂದು ನನಗೆ ಅನ್ನಿಸಿತು.

ನೆಲವೇ ಒಂದು ಐಸ್ ಪೆಟ್ಟಿಗೆ

ಅಷ್ಟು ದೂರ ಹೋಗಿ ಅಳೆಯುವಂಥದ್ದು ಏನಿದೆ? ಉತ್ತರ ಕಾಲಡಿಯಲ್ಲಿದೆ. ಸತತ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ 0 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದೆ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಎರಡು ವರ್ಷ ಎಂಬುದು ವ್ಯಾಖ್ಯಾನ ಮಾತ್ರ. ಸೈಬೀರಿಯಾದಲ್ಲಿ ಸಾವಿರಾರು ವರ್ಷಗಳಿಂದ ಕರಗದ ನೆಲವಿದೆ.

ನನ್ನ ಮಾಮ ದಕ್ಕೆಯಲ್ಲಿ ಮೀನಿನ ಕೆಲಸ ಮಾಡುತ್ತಾರೆ. ಬಂಗುಡೆಯನ್ನು ಪೆಟ್ಟಿಗೆಯಲ್ಲಿ ಐಸ್ ಹಾಕಿ ತುಂಬಿದರೆ ಮರುದಿನವೂ ಹಾಗೇ ಇರುತ್ತದೆ. ಐಸ್ ಕರಗಿತೋ, ಮೂಗು ಮುಚ್ಚಿಕೊಳ್ಳಬೇಕು. ಮೀನು ಕೊಳೆಯುವುದು ಎಂದರೆ ಏನು? ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಶುರುಮಾಡಿದವು ಎಂದರ್ಥ. ಪರ್ಮಾಫ್ರಾಸ್ಟ್ ಕೂಡ ಅಂಥದ್ದೇ ಪೆಟ್ಟಿಗೆ. ಅದರೊಳಗೆ ಇರುವುದು ಮೀನಲ್ಲ. ಹಿಮಯುಗದ ಹುಲ್ಲು, ಬೇರು, ಪಾಚಿ, ಪ್ರಾಣಿಗಳ ಅವಶೇಷ. ಮ್ಯಾಮತ್ ಆನೆಗಳು ಮೇಯುತ್ತಿದ್ದ ಕಾಲದಲ್ಲಿ ಬೇಸಿಗೆಯಲ್ಲಿ ಹುಲ್ಲು ಬೆಳೆಯಿತು, ಗಾಳಿ ತಂದ ಧೂಳು ಅದರ ಮೇಲೆ ಕೂತಿತು, ಕೊಳೆಯುವ ಮೊದಲೇ ಹೆಪ್ಪುಗಟ್ಟಿತು. ಹೀಗೆ ಪದರದ ಮೇಲೆ ಪದರ, ಹತ್ತಾರು ಮೀಟರ್ ದಪ್ಪ. ಈ ಬಗೆಯ ಮಣ್ಣಿಗೆ ಯೆಡೋಮಾ ಎಂದು ಹೆಸರು. ಕೋಲಿಮಾ ದಂಡೆಯ ದುವಾನ್ನಿ ಯಾರ್ ಎಂಬಲ್ಲಿ ನದಿ ಈ ಮಣ್ಣನ್ನು ಕೊರೆದು ಗೋಡೆಯಂತೆ ನಿಲ್ಲಿಸಿದೆ. ಕರಗಿ ಜಾರುವ ಮಣ್ಣಿನಿಂದ ಮ್ಯಾಮತ್ ಮೂಳೆಗಳು ಹೊರಬೀಳುತ್ತವೆ.

ಉತ್ತರ ಗೋಳಾರ್ಧದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಕಾರ್ಬನ್ ಇದೆ ಎಂದು ಅಂದಾಜು. ಇಡೀ ವಾತಾವರಣದಲ್ಲಿ ಈಗಿರುವ ಕಾರ್ಬನ್‌ನ ಹೆಚ್ಚುಕಡಿಮೆ ಎರಡು ಪಟ್ಟು! ನೆಲ ಕರಗಿದರೆ ಸೂಕ್ಷ್ಮಜೀವಿಗಳು ಎಚ್ಚೆತ್ತು ಅದನ್ನು ತಿನ್ನುತ್ತವೆ. ಗಾಳಿ ಸಿಗುವ ಕಡೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಕೆರೆಯ ತಳ, ಕೆಸರಿನಂತಹ ಆಕ್ಸಿಜನ್ ಇಲ್ಲದ ಕಡೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಶಾಖ ಹಿಡಿದಿಡುವ ಶಕ್ತಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ಅನಿಲ ಹೆಚ್ಚಿದಂತೆ ಭೂಮಿ ಬಿಸಿ, ಬಿಸಿ ಹೆಚ್ಚಿದಂತೆ ನೆಲ ಇನ್ನಷ್ಟು ಕರಗುವುದು. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. 2020ರ ಜೂನ್ 20ರಂದು ಸೈಬೀರಿಯಾದ ವೆರ್ಖೋಯಾನ್ಸ್ಕ್ ಊರಿನಲ್ಲಿ 38 ಡಿಗ್ರಿ ದಾಖಲಾಯಿತು. ಅದು ಆರ್ಕ್ಟಿಕ್ ವೃತ್ತದ ಒಳಗಿನ ಊರು.

ಪೆಟ್ಟಿಗೆಯ ಐಸ್ ಎಷ್ಟು ಬೇಗ ಕರಗುತ್ತದೆ, ಒಳಗಿನದು ಎಷ್ಟು ಬೇಗ ಕೊಳೆಯುತ್ತದೆ? ಇದೇ ಪ್ರಶ್ನೆ. ಯಾವ ಗೈಡ್‌ನ ಹಿಂದಿನ ಪುಟದಲ್ಲೂ ಇದರ ಉತ್ತರ ಇಲ್ಲ.

ಒಂದು ಸರಳು, ಒಂದು ಡಬ್ಬಿ, ಒಂದು ಬಾಟಲಿ

ಆರ್ಕ್ಟಿಕ್ ಸಂಶೋಧನೆ ಎಂದರೆ ದೊಡ್ಡ ದೊಡ್ಡ ಯಂತ್ರಗಳು ಬೇಕು ಎಂದುಕೊಂಡಿದ್ದೆ. ಅತ್ಯಂತ ಮುಖ್ಯವಾದ ಉಪಕರಣಗಳಲ್ಲಿ ಒಂದು, ಸೆಂಟಿಮೀಟರ್ ಗುರುತು ಹಾಕಿದ ಉಕ್ಕಿನ ಸರಳು. ಅದನ್ನು ನೆಲಕ್ಕೆ ಒತ್ತುತ್ತಾ ಹೋಗುವುದು. ಕರಗಿದ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಹೆಪ್ಪುಗಟ್ಟಿದ ನೆಲ ಸಿಕ್ಕಿದಾಗ ನಿಲ್ಲುತ್ತದೆ. ಎಷ್ಟು ಇಳಿಯಿತೋ ಅದೇ ಆ ದಿನ ಆ ಜಾಗದ ಕರಗಿದ ಆಳ. ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ಈ ಮೇಲಿನ ಪದರಕ್ಕೆ ‘ಆಕ್ಟಿವ್ ಲೇಯರ್’ ಎನ್ನುತ್ತಾರೆ.

ಕೇಳಲು ಸುಲಭ. ಆದರೆ ಒಂದು ಕಡೆ ಒತ್ತಿ ಬರೆದುಕೊಂಡರೆ ಸಾಲದು. ದಪ್ಪ ಪಾಚಿಯ ಕೆಳಗೆ ನೆಲ ಕಂಬಳಿ ಹೊದ್ದಂತೆ ತಂಪಾಗಿರುತ್ತದೆ, ಆಳ ಕಡಿಮೆ. ಒಂದೇ ಹೆಜ್ಜೆ ಆಚೆ ನೀರು ನಿಂತಿದ್ದರೆ ಆಳ ಬಹಳ ಹೆಚ್ಚಿರಬಹುದು. ಸರಳು ಕಲ್ಲಿಗೆ ತಾಗಿದರೆ ಅದನ್ನೇ ಹೆಪ್ಪು ಎಂದು ತಪ್ಪಾಗಿ ಬರೆಯುವ ಸಾಧ್ಯತೆಯೂ ಇದೆ. ಆದ್ದರಿಂದ ಗೆರೆ ಹಾಕಿಕೊಂಡು, ಒಂದೇ ಅಂತರದಲ್ಲಿ, ಮತ್ತೆ ಮತ್ತೆ ಒತ್ತಿ ಅಳೆಯಬೇಕು. ಸೊಳ್ಳೆ ಕಚ್ಚುತ್ತಿರುತ್ತದೆ, ಬೂಟಿನೊಳಗೆ ಕೆಸರು ಹೋಗಿರುತ್ತದೆ, ಸುತ್ತ ನೋಡುವವರು ಯಾರೂ ಇಲ್ಲ. ಅಲ್ಲಿ ಬೇಕಾದರೆ ಒಂದು ರೀಡಿಂಗ್ ತೆಗೆದು ಹತ್ತು ಬರೆಯಬಹುದು. ಇದನ್ನು ಓದುವಾಗ ನನಗೆ ನನ್ನ 9.8 ನೆನಪಾಯಿತು.

ಎರಡನೆಯದು ಅನಿಲ ಅಳೆಯುವ ಡಬ್ಬಿ. ಪಾರದರ್ಶಕ ಡಬ್ಬಿಯನ್ನು ಗಿಡಗಂಟಿಗಳ ಸಮೇತ ನೆಲದ ಮೇಲೆ ಗಾಳಿ ಸೋರದಂತೆ ಮಗುಚಿ, ಒಳಗಿನ ಗಾಳಿಯನ್ನು ಕೊಳವೆಯ ಮೂಲಕ ಅನಿಲ ವಿಶ್ಲೇಷಕಕ್ಕೆ ಹಾಯಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತೋ ಇಳಿಯಿತೋ ಎಂದು ಗ್ರಾಫ್ ಎಳೆದರೆ, ಆ ಗೆರೆಯ ಇಳಿಜಾರೇ ಉತ್ತರ. ಆದರೆ ಬೆಳಕಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಗಿಡಗಳು ದ್ಯುತಿಸಂಶ್ಲೇಷಣೆಯಿಂದ ಅನಿಲವನ್ನು ಹೀರುತ್ತವೆ, ಗಿಡ ಮತ್ತು ಮಣ್ಣು ಉಸಿರಾಡಿ ಅದನ್ನು ಬಿಡುತ್ತವೆ. ಎರಡನ್ನೂ ಬೇರ್ಪಡಿಸಲು ಡಬ್ಬಿಯ ಮೇಲೆ ದಪ್ಪ ಬಟ್ಟೆ ಹೊದಿಸಿ ಇನ್ನೊಮ್ಮೆ ಅಳೆಯಬೇಕು. ಕತ್ತಲಲ್ಲಿ ಉಸಿರಾಟ ಮಾತ್ರ ಉಳಿಯುತ್ತದೆ. ರಾತ್ರಿಯೇ ಇಲ್ಲದ ಊರಿನಲ್ಲಿ ರಾತ್ರಿಯನ್ನು ಬಟ್ಟೆಯಿಂದ ಮಾಡಿಕೊಳ್ಳಬೇಕು!

ಮೂರನೆಯದು ನೀರಿನ ಬಾಟಲಿ. ತೊರೆ, ಕೆರೆ, ನದಿಗಳ ನೀರನ್ನು ತೀರಾ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದರಲ್ಲಿ ಕರಗಿರುವ ಸಾವಯವ ಕಾರ್ಬನ್ ಎಷ್ಟು ಎಂದು ನೋಡುತ್ತಾರೆ. ಈ ಬಾಟಲಿಯಿಂದ ಒಂದು ದೊಡ್ಡ ಒಗಟು ಬಿಡಿಸಿಕೊಂಡಿತು.

ದಾರಿಯಲ್ಲಿ ಕಾಣೆಯಾದ ಕಾರ್ಬನ್

ಕೋಲಿಮಾ ನದಿಯ ಜಲಾನಯನ ಪ್ರದೇಶ ಸುಮಾರು 6.5 ಲಕ್ಷ ಚದರ ಕಿ.ಮೀ. ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ಹೆಚ್ಚು. ಅಷ್ಟೂ ನೆಲದ ಕೆಳಗೆ ಪರ್ಮಾಫ್ರಾಸ್ಟ್ ಇದೆ. ಅದು ಕರಗುತ್ತಿದ್ದರೆ ಹಿಮಯುಗದ ಹಳೆಯ ಕಾರ್ಬನ್ ನದಿಗೆ ಸೇರಿ ಸಮುದ್ರದ ಕಡೆ ಹರಿಯಬೇಕಲ್ಲವೇ? ಆದರೆ ದೊಡ್ಡ ಆರ್ಕ್ಟಿಕ್ ನದಿಗಳು ಸಮುದ್ರ ಸೇರುವಲ್ಲಿ ನೀರು ಪರೀಕ್ಷಿಸಿದಾಗ ಸಿಕ್ಕಿದ ಕರಗಿದ ಕಾರ್ಬನ್ ಬಹುಪಾಲು ಹೊಸದು. ಹಳೆಯದು ಎಲ್ಲಿ ಹೋಯಿತು? ನೆಲ ಕರಗುತ್ತಿಲ್ಲವೇ?

ಹಳೆಯದು, ಹೊಸದು ಎಂದು ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಕಾರ್ಬನ್-14ರ ಅರ್ಧಾಯು 5,730 ವರ್ಷ. 20,000 ವರ್ಷ ಎಂದರೆ ಸುಮಾರು ಮೂರೂವರೆ ಅರ್ಧಾಯು. ಅಂದರೆ ಮೂಲ ಕಾರ್ಬನ್-14ರಲ್ಲಿ ಶೇ. 9ರಷ್ಟು ಮಾತ್ರ ಉಳಿದಿರುತ್ತದೆ. ಲೆಕ್ಕ ಮಾಡಿ ನೋಡಿ, ನಮ್ಮ ಸಿಲೆಬಸ್‌ನಲ್ಲೇ ಇದೆ.

ಕೋಲಿಮಾ ಪ್ರದೇಶದಲ್ಲಿ ಕೆಲಸ ಮಾಡಿದ ರಾಬರ್ಟ್ ಸ್ಪೆನ್ಸರ್ ಮತ್ತು ಸಂಗಡಿಗರು 2015ರಲ್ಲಿ ಉತ್ತರ ಪ್ರಕಟಿಸಿದರು. ಅವರು ನದಿಯ ಬಾಯಿಯಲ್ಲಿ ಮಾತ್ರ ಹುಡುಕಲಿಲ್ಲ. ಮಣ್ಣು ಕರಗಿ ನೀರಾಗಿ ಹೊರಡುವ ಜಾಗಕ್ಕೇ ಹೋದರು. ಅಲ್ಲಿನ ಕಾರ್ಬನ್ 20,000 ವರ್ಷಕ್ಕೂ ಹಳೆಯದು. ಆ ನೀರನ್ನು ಬಾಟಲಿಯಲ್ಲಿಟ್ಟು ನೋಡಿದರೆ, 7 ದಿನಗಳಲ್ಲಿ ಸುಮಾರು ಅರ್ಧದಷ್ಟು ಕಾರ್ಬನ್ ಮಾಯ! ಸೂಕ್ಷ್ಮಜೀವಿಗಳು ತಿಂದು ಮುಗಿಸಿದ್ದವು. ಕ್ಷಯದ ದರ ದಿನಕ್ಕೆ 0.12ರಿಂದ 0.19, ಕೋಲಿಮಾ ನದಿಯ ಸಾಮಾನ್ಯ ನೀರಿನಲ್ಲಾದರೆ 0.09. ಕೆಮಿಕಲ್ ಕೈನೆಟಿಕ್ಸ್ ಪಾಠದಲ್ಲಿ ನಾವು ಉರುಹೊಡೆದ 0.693/k ಸೂತ್ರಕ್ಕೆ ಇದನ್ನು ಹಾಕಿದೆ. ಪುರಾತನ ಕಾರ್ಬನ್‌ನ ಅರ್ಧಾಯು ಹೆಚ್ಚೆಂದರೆ 5.8 ದಿನ, ನದಿಯದ್ದು 7.7 ದಿನ. ಇಪ್ಪತ್ತು ಸಾವಿರ ವರ್ಷ ಕಾದದ್ದು ಒಂದು ವಾರದೊಳಗೆ ಅರ್ಧವಾಗುತ್ತದೆ.

ಹಳೆಯ ಕಾರ್ಬನ್ ಸಮುದ್ರದ ಹತ್ತಿರ ಸಿಗದಿದ್ದುದಕ್ಕೆ ಕಾರಣ ಅದು ಹೊರಟೇ ಇಲ್ಲ ಎಂದಲ್ಲ. ದಾರಿಯಲ್ಲೇ ತಿಂದು ಮುಗಿದು ಅನಿಲವಾಗಿತ್ತು. ಗೊತ್ತಿರುವ ಉತ್ತರ ಎಂದುಕೊಂಡು ನದಿಯ ಬಾಯಿಯಲ್ಲೇ ನಿಂತಿದ್ದರೆ, ಎಲ್ಲ ಸರಿಯಾಗಿದೆ ಎಂದೇ ನಂಬಿಕೊಂಡಿರುತ್ತಿದ್ದರು.

ಬೆಂಕಿ ಬಿದ್ದ ತುಂಡ್ರಾ

2017ರಿಂದ ಪೊಲಾರಿಸ್ ವಿದ್ಯಾರ್ಥಿಗಳ ಬೇಸಿಗೆ ಶಿಬಿರ ಅಲಾಸ್ಕಾದ ಯೂಕಾನ್-ಕುಸ್ಕೋಕ್ವಿಮ್ ನದೀಮುಖಜ ಭೂಮಿಗೆ ಬಂತು. ಇಲ್ಲಿ ಬಾರ್ಜ್ ಇಲ್ಲ, ಬಯಲಿನಲ್ಲಿ ಟೆಂಟ್. 2015ರ ಬೇಸಿಗೆಯಲ್ಲಿ ಇಲ್ಲಿನ ತುಂಡ್ರಾಕ್ಕೆ ದೊಡ್ಡ ಬೆಂಕಿ ಬಿದ್ದಿತ್ತು. ನೆಲಕ್ಕೆ ಕಂಬಳಿಯಂತಿದ್ದ ಪಾಚಿ ಸುಟ್ಟುಹೋದರೆ ಬಿಸಿಲು ನೇರವಾಗಿ ಒಳಗಿಳಿದು ಹೆಪ್ಪು ಇನ್ನೂ ಆಳಕ್ಕೆ ಕರಗುತ್ತದೆ. ವಿದ್ಯಾರ್ಥಿಗಳು ಸುಟ್ಟ ಜಾಗ ಮತ್ತು ಸುಡದ ಜಾಗ ಎರಡರಲ್ಲೂ ಅದೇ ಸರಳು, ಅದೇ ಡಬ್ಬಿ ಹಿಡಿದು ಹೋಲಿಸಿ ನೋಡುತ್ತಾರೆ.

ಈ ಪ್ರದೇಶ ಯೂಪಿಕ್ ಜನರ ನಾಡು. ಇಲ್ಲಿನ ನ್ಯೂಟಾಕ್ ಎಂಬ ಹಳ್ಳಿಯ ಕೆಳಗಿನ ಪರ್ಮಾಫ್ರಾಸ್ಟ್ ಕರಗಿ, ನದಿ ದಂಡೆಯನ್ನು ಕೊರೆದು, ಜನರು ತಮ್ಮ ಊರನ್ನೇ ಬಿಟ್ಟು ಮೆರ್ಟಾರ್ವಿಕ್ ಎಂಬ ಹೊಸ ಜಾಗಕ್ಕೆ ಹೋಗಬೇಕಾಯಿತು. 2019ರಲ್ಲಿ ಮೊದಲ ಕುಟುಂಬಗಳು ಹೊರಟವು. ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರು ನಮ್ಮ ಕರಾವಳಿಯಲ್ಲೂ ಇದ್ದಾರೆ, ಆ ನೋವು ನಮಗೆ ಹೊಸದಲ್ಲ. ಸರಳಿನ ಮೇಲಿನ ಸೆಂಟಿಮೀಟರ್ ಎಂದರೆ ಯಾರದೋ ಮನೆಯ ಅಡಿಪಾಯ.

ಮತ್ತೆ ತೆಗೆಯಲಾಗದ ರೀಡಿಂಗ್

2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದ ಮೇಲೆ ಪಾಶ್ಚಾತ್ಯ ದೇಶಗಳ ವಿಜ್ಞಾನಿಗಳು ಸೈಬೀರಿಯಾಕ್ಕೆ ಹೋಗಿ ಕೆಲಸ ಮಾಡುವುದು ಹೆಚ್ಚುಕಡಿಮೆ ನಿಂತುಹೋಯಿತು. ಅಲ್ಲಿನ ಕೇಂದ್ರಗಳಿಂದ ಹೊರಗೆ ಬರುತ್ತಿದ್ದ ಮಾಹಿತಿಯೂ ಕಡಿಮೆಯಾಯಿತು. ಚೆರ್ಸ್ಕಿಯ ಬಾರ್ಜ್‌ನಲ್ಲಿ ಕೂತು ಆ ವಿದ್ಯಾರ್ಥಿಗಳು ಬರೆದಿಟ್ಟ ಅಂಕಿಗಳನ್ನು ಈಗ ಹೋಗಿ ಪರೀಕ್ಷಿಸಿ ತರುತ್ತೇನೆ ಎಂದರೆ ಆಗದು. ಯುದ್ಧ ನಿಂತು ದಾರಿ ತೆರೆದರೂ 2008ರ ಜುಲೈ ಮರಳಿ ಬರುವುದಿಲ್ಲ. ಅಂದು ನೆಲ ಎಷ್ಟು ಆಳ ಕರಗಿತ್ತು ಎಂಬುದಕ್ಕೆ ಉಳಿದಿರುವ ಸಾಕ್ಷಿ ನೋಟ್‌ಬುಕ್‌ನ ಒಂದು ಸಾಲು. ಅದನ್ನು ಬರೆದವರು ಹತ್ತೊಂಬತ್ತು ಇಪ್ಪತ್ತು ವರ್ಷದವರು. ಅವರು ಸುಳ್ಳು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸುಳ್ಳಿನ ಮೇಲೆ ಮುಂದಿನವರು ಲೆಕ್ಕ ಕಟ್ಟುತ್ತಿದ್ದರು, ಅಷ್ಟೇ.

ಸರ್ ನನಗೆ ಯಾಕೆ ಆ ಚೀಟಿ ಕೊಟ್ಟರು ಎಂದು ಇಲ್ಲಿ ಅರ್ಥವಾಯಿತು. ಅಳತೆಯೂ ಒಂದು ಅಮಾನತ್ತು. ನಮ್ಮ ಕೈಗೆ ನಂಬಿ ಕೊಟ್ಟದ್ದು.

ನಮಗೂ ದಾರಿ ಇದೆಯೇ?

ಇದೆ. ಪೊಲಾರಿಸ್ ಶುರುವಾದ ಅದೇ ವರ್ಷ, 2008ರ ಜುಲೈ 1ರಂದು, ಭಾರತ ತನ್ನ ಆರ್ಕ್ಟಿಕ್ ಕೇಂದ್ರ ‘ಹಿಮಾದ್ರಿ’ಯನ್ನು ತೆರೆಯಿತು. ಅದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿದೆ. ಉತ್ತರ ಧ್ರುವಕ್ಕೆ ಅಲ್ಲಿಂದ ಸುಮಾರು 1,200 ಕಿ.ಮೀ. ಇದನ್ನು ನೋಡಿಕೊಳ್ಳುವುದು ನಮ್ಮ ಪಕ್ಕದ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಬೇರೆ ಬೇರೆ ವಿಶ್ವವಿದ್ಯಾಲಯ, ಸಂಸ್ಥೆಗಳ ಸಂಶೋಧಕರು ಇದರ ಮೂಲಕ ಅಲ್ಲಿಗೆ ಹೋಗುತ್ತಾರೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡ ಹೊರಟಾಗ ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಸ್ವಾಲ್‌ಬಾರ್ಡ್‌ನಲ್ಲೇ 1993ರಿಂದ ಒಂದು ವಿಶ್ವವಿದ್ಯಾಲಯ ಕೇಂದ್ರವೂ ಇದೆ. ಹೊರಗೆ ಫೀಲ್ಡ್ ಕೆಲಸಕ್ಕೆ ಹೊರಡುವ ಮುನ್ನ ಅಲ್ಲಿನ ವಿದ್ಯಾರ್ಥಿಗಳು ಹಿಮಕರಡಿಯ ಅಪಾಯಕ್ಕಾಗಿ ಬಂದೂಕು ಹಿಡಿಯುವುದನ್ನೂ ಕಲಿಯಬೇಕು. ನಮ್ಮ ಲ್ಯಾಬ್‌ನಲ್ಲಿ ಕೋಟ್ ಹಾಕಿಕೊಳ್ಳಲು ಹೇಳಿದರೇ ನಾವು ಗೊಣಗುತ್ತೇವೆ!

ಪಿಯುಸಿ ಮುಗಿಸಿದರೆ ಮೆಡಿಕಲ್ ಅಥವಾ ಇಂಜಿನಿಯರಿಂಗ್ ಎರಡೇ ದಾರಿ ಎಂದು ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ಬಿಎಸ್ಸಿ ಮಾಡಿ ಮಣ್ಣು, ನೀರು, ಗಾಳಿ ಓದಿದವರಿಗೆ ಇಷ್ಟು ದೂರದ ಬಾಗಿಲೂ ತೆರೆದಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಅಲ್ಲಿಗೆ ಹೋಗುವ ತನಕ ಕಾಯಬೇಕಾಗಿಲ್ಲ. ಸೈಬೀರಿಯಾದಲ್ಲಿ ಸರಳು ಮಾಡುವ ಕೆಲಸವನ್ನು ಇಲ್ಲಿ ಒಂದು ಹಗ್ಗವೂ ಮಾಡಬಲ್ಲದು.

ನಾನು ಟೈಟ್ರೇಷನ್ ಮತ್ತೆ ಮಾಡಿದೆ. 9.7, 9.9, 9.8 ಬಂತು. ಮೂರೂ ಬರೆದೆ. ಸರ್ ಸಹಿ ಹಾಕಿದರು, ಏನೂ ಹೇಳಲಿಲ್ಲ.

ಮನೆಯಲ್ಲಿ ಪ್ರತಿ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ, ಗಂಟು ಹಾಕಿದ ಹಗ್ಗ ಇಳಿಬಿಟ್ಟು ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಅಳೆಯಲು ಶುರುಮಾಡಿದ್ದೇನೆ. “ಬಾವಿಗೆ ಪರೀಕ್ಷೆ ಇಟ್ಟಿದ್ದೀಯಾ?” ಎಂದು ಉಮ್ಮ ನಗುತ್ತಾರೆ. ಬರುವ ಮೇ ತಿಂಗಳ ತನಕ ಅಳೆಯಬೇಕು ಎಂದಿದೆ. ಇಲ್ಲಿಯವರೆಗೆ ಐದು ವಾರ ಆಗಿದೆ, ಪುಸ್ತಕದಲ್ಲಿ ನಾಲ್ಕು ಅಂಕಿಗಳಿವೆ. ಮೂರನೇ ವಾರ ಜ್ವರ ಬಂದು ಎದ್ದೇಳಲು ಆಗಲಿಲ್ಲ. ಎರಡನೇ ಮತ್ತು ನಾಲ್ಕನೇ ವಾರದ ನಡುವಿನ ಸಂಖ್ಯೆಯನ್ನು ಊಹಿಸಿ ಬರೆಯಬಹುದಿತ್ತು. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ